ಇಂಗ್ಲೆಂಡಿನ ಊರ ಹೆಸರು, ಸರ್‌ನೇಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಹೋದ ನಮ್ಮವರು ಕೇಳಿದ್ದು, ಪತ್ರಗಳಲ್ಲಿ ಬಂದದ್ದು, ಕ್ರಿಕೆಟ್ ನೋಡುತ್ತಾ ಮಾತಿಗೆ ಮಾತು ಬೆಳೆದಾಗ ಎದ್ದದ್ದು. ಹೀಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಊರ ಹೆಸರು: ಮೊದಲ ಪ್ರಶ್ನೆಗಳು

ಈ ಹೆಸರುಗಳಿಗೆಲ್ಲ ಅರ್ಥ ಇದೆಯಾ, ಅಥವಾ ಸುಮ್ನೆ ಇಟ್ಟಿದ್ದಾ?

ಹೆಚ್ಚುಕಮ್ಮಿ ಎಲ್ಲಕ್ಕೂ ಅರ್ಥ ಇದೆ, ಅದೂ ತೀರಾ ಸಾದಾ ಅರ್ಥ. ಆಕ್ಸ್‌ಫರ್ಡ್ ಅಂದರೆ ಎತ್ತುಗಳು ಹೊಳೆ ದಾಟುವ ಜಾಗ. ಬ್ರಾಡ್‌ಫರ್ಡ್ ಅಗಲವಾದ ದಾಟುಜಾಗ. ಸ್ವಿಂಡನ್ ಹಂದಿಗಳ ಗುಡ್ಡ. ಲಂಡನ್ನಿನ ಚಿಸಿಕ್ ಈಗ ದುಬಾರಿ ಬಡಾವಣೆ, ಆದರೆ ಹೆಸರಿನ ಅರ್ಥ ಚೀಸ್ ಮಾಡುವ ತೋಟದಮನೆ. ಹೆಸರಿಟ್ಟವರು ರೈತರು, ದನ ಕಾಯುವವರು. ಕಣ್ಣಿಗೆ ಕಂಡದ್ದನ್ನು ಹೇಳಿದರು, ಅದೇ ಉಳಿಯಿತು. ಸಾವಿರ ವರ್ಷದಲ್ಲಿ ಭಾಷೆ ಬದಲಾಗಿ ಅರ್ಥ ಮುಚ್ಚಿಹೋಯಿತು, ಅಷ್ಟೇ.

ಕೊನೆಗೆ ‘ಟನ್’, ‘ಹ್ಯಾಮ್’, ‘ಬರಿ’, ‘ಲಿ’ ಅಂತ ಬರುತ್ತಲ್ಲ, ಏನದು?

5ನೇ ಶತಮಾನದಿಂದ ಈಚೆಗೆ ಆಂಗ್ಲರು, ಸ್ಯಾಕ್ಸನ್ನರು ಸಮುದ್ರ ದಾಟಿ ಬಂದು ನೆಲೆಸಿದರು. ಅವರ ಹಳೆಯ ಇಂಗ್ಲಿಷಿನ ಪದಗಳಿವು. ‘ಟೂನ್’ ಅಂದರೆ ಬೇಲಿ ಹಾಕಿದ ಹೊಲಮನೆ, ಆಮೇಲೆ ಹಳ್ಳಿ. ಅದೇ ‘ಟನ್’ ಆಯಿತು. ‘ಹಾಮ್’ ಅಂದರೆ ಮನೆ, ನೆಲೆ. ‘ಬುರ್ಹ್’ ಅಂದರೆ ಕೋಟೆ ಕಟ್ಟಿದ ಜಾಗ, ಈಗಿನ ಬರಿ, ಬರೋ. ‘ಲೇಅ’ ಅಂದರೆ ಕಾಡು ಅಥವಾ ಕಾಡಿನ ನಡುವಿನ ಬಯಲು, ಈಗಿನ ‘ಲಿ’. ಕ್ಯಾಂಟರ್‌ಬರಿ ಅಂದರೆ ಕೆಂಟ್ ಜನರ ಕೋಟೆ. ಬರ್ಮಿಂಗ್‌ಹ್ಯಾಮ್ ಅಂದರೆ ಬೆಯೊರ್ಮ ಎಂಬವನ ಕಡೆಯವರ ನೆಲೆ. ಇಡೀ ಸೀಮೆಗಳ ಹೆಸರೂ ಹಾಗೆಯೇ ಬಂತು. ಎಸೆಕ್ಸ್ ಪೂರ್ವದ ಸ್ಯಾಕ್ಸನ್ನರದ್ದು, ಸಸೆಕ್ಸ್ ದಕ್ಷಿಣದವರದ್ದು. ನಾರ್ಫಕ್ ಉತ್ತರದ ಜನ, ಸಫಕ್ ದಕ್ಷಿಣದ ಜನ.

ಮ್ಯಾಂಚೆಸ್ಟರ್, ಲೆಸ್ಟರ್, ಲ್ಯಾಂಕಸ್ಟರ್... ಎಲ್ಲದರಲ್ಲೂ ‘ಸ್ಟರ್’ ಯಾಕೆ?

ರೋಮನ್ನರ ದಂಡು ಬೀಡುಬಿಟ್ಟ ಜಾಗಗಳಿವು. ಲ್ಯಾಟಿನ್ನಿನಲ್ಲಿ ಬಿಡಾರಕ್ಕೆ ‘ಕಾಸ್ಟ್ರ’. ರೋಮನ್ನರು 5ನೇ ಶತಮಾನದ ಆರಂಭದಲ್ಲಿ ಬ್ರಿಟನ್ ಬಿಟ್ಟರು, ಕಲ್ಲಿನ ಗೋಡೆಗಳು ಉಳಿದವು. ಆಂಗ್ಲೋ-ಸ್ಯಾಕ್ಸನ್ನರು ಅಂಥ ಜಾಗಗಳನ್ನು ‘ಚೆಯಸ್ಟರ್’ ಎಂದು ಕರೆದರು. ಹೆಚ್ಚಿನ ಕಡೆ ಅದು ‘ಚೆಸ್ಟರ್’ ಆಯಿತು, ಉತ್ತರದ ಕೆಲವು ಕಡೆ ಲ್ಯಾಂಕಸ್ಟರ್, ಡಾಂಕಸ್ಟರ್ ಥರ ‘ಕಸ್ಟರ್’ ಆಗಿ ಉಳಿಯಿತು. ಎಕ್ಸಿಟರ್‌ನಲ್ಲಿ ಇನ್ನೂ ಸವೆದು ಬರೀ ‘ಟರ್’ ಉಳಿದಿದೆ. ಅದು ಎಕ್ಸ್ ನದಿಯ ದಡದ ಕೋಟೆ.

ಬರೆಯೋದೊಂದು, ಓದೋದೊಂದು. ನಮಗೇ ಯಾಕೆ ಈ ಶಿಕ್ಷೆ?

ಶಿಕ್ಷೆ ಅವರಿಗೂ ಇದೆ, ಅವರಿಗೆ ಚಿಕ್ಕಂದಿನಿಂದ ರೂಢಿ. ದಿನಾ ಬಾಯಲ್ಲಿ ಓಡಾಡುವ ಹೆಸರು ಸವೆಯುತ್ತದೆ, ಕಾಗದದ ಮೇಲಿನದು ಸವೆಯುವುದಿಲ್ಲ. ಬರಹದಲ್ಲಿ ‘ವೊರ್ಸೆಸ್ಟರ್’, ಬಾಯಲ್ಲಿ ವುಸ್ಟರ್. ‘ಗ್ರೀನ್‌ವಿಚ್’ ಅಂತ ಬರೆದದ್ದು ಗ್ರೆನಿಚ್. ‘ಸೌತ್‌ವಾರ್ಕ್’ ಸದರ್ಕ್. ಎಲ್ಲಕ್ಕಿಂತ ತಮಾಷೆಯದು ಒಂದು ಮನೆತನದ ಹೆಸರು: ಅಕ್ಷರ ಕೂಡಿಸಿದರೆ ‘ಚಾಲ್ಮಂಡೆಲಿ’, ಹೇಳುವುದು ‘ಚಮ್ಲಿ’. ನಿಯಮ ಹುಡುಕಬೇಡಿ. ಆ ಊರಿನವರನ್ನೇ ಕೇಳಿ.

ಲಂಡನ್ ಅಂದ್ರೆ ಏನು?

ರೋಮನ್ನರ ಬರಹಗಳಲ್ಲಿ ಅದು ‘ಲೊಂಡಿನಿಯಂ’. ಅದಕ್ಕಿಂತ ಹಿಂದಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಸ್ವಿಂಡನ್ನಿನ ‘ಡನ್’ ಗುಡ್ಡ, ಲಂಡನ್ನಿನದು ಅದಲ್ಲ ಎಂಬುದು ಮಾತ್ರ ಖಚಿತ.

ನದಿಗಳ ಹೆಸರು ಯಾಕೆ ಬೇರೆ ಥರ ಕೇಳಿಸುತ್ತೆ?

ಅವು ಇಂಗ್ಲಿಷಿಗಿಂತ ಹಳೆಯವು. ಆಂಗ್ಲೋ-ಸ್ಯಾಕ್ಸನ್ನರು ಬರುವ ಮೊದಲು ಅಲ್ಲಿದ್ದವರು ಕೆಲ್ಟಿಕ್ ಭಾಷೆ ಆಡುವ ಬ್ರಿಟನ್ನರು. ಇವತ್ತಿನ ವೇಲ್ಸ್ ಸೀಮೆಯ ವೆಲ್ಷ್ ಭಾಷೆ ಅದರ ಮಗಳು. ಊರಿಗೆ ಹೊಸಬರು ಹೊಸ ಹೆಸರಿಟ್ಟರು. ಹೊಳೆ ಎಲ್ಲರದ್ದೂ, ಹಾಗಾಗಿ ಅದರ ಹೆಸರನ್ನು ಹಳಬರಿಂದಲೇ ಕಲಿತರು. ಏವನ್ ಅಂದರೆ ನದಿ. ಆದ್ದರಿಂದ ‘ಏವನ್ ನದಿ’ ಅಂದರೆ ‘ನದಿ ನದಿ’! ಡೋವರ್ ಅಂದರೆ ನೀರು. ಡರ್ವೆಂಟ್‌ನಲ್ಲಿರುವುದು ಓಕ್ ಮರ.

ಕೇಂಬ್ರಿಡ್ಜ್ ಮಾತ್ರ ಉಲ್ಟಾ ಕೇಸು. ಅಲ್ಲಿನ ನದಿ ಗ್ರಾಂಟ, ಊರು ‘ಗ್ರಾಂಟಬ್ರಿಜ್’. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದಲ್ಲಿ ಊರ ಹೆಸರು ತಿರುಚಿಕೊಂಡು ಕೇಂಬ್ರಿಡ್ಜ್ ಆಯಿತು. ಆಮೇಲೆ ಜನ ‘ಕ್ಯಾಮ್ ನದಿಯ ಸೇತುವೆ’ ಇರಬೇಕು ಅಂದುಕೊಂಡು ನದಿಗೇ ಕ್ಯಾಮ್ ಎಂದು ಹೆಸರಿಟ್ಟರು.

## ವೈಕಿಂಗರು, ನಾರ್ಮನ್ನರು, ಕಟ್ಟುಕಥೆಗಳು

ಡರ್ಬಿ, ರಗ್ಬಿ, ವಿಟ್ಬಿ, ಗ್ರಿಮ್ಸ್‌ಬಿ: ಈ ‘ಬಿ’ ಎಲ್ಲಿಂದ ಬಂತು?

ಡೆನ್ಮಾರ್ಕ್ ಕಡೆಯಿಂದ. 865ರಲ್ಲಿ ವೈಕಿಂಗರ ದೊಡ್ಡ ಸೈನ್ಯ ಬಂದಿಳಿಯಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗ ಅವರ ಕೈಸೇರಿತು. ಲೂಟಿಗೆ ಬಂದವರಲ್ಲಿ ಎಷ್ಟೋ ಜನ ಹೊಲ ಮಾಡಿಕೊಂಡು ಅಲ್ಲೇ ಉಳಿದರು. ಅವರ ಭಾಷೆಯಲ್ಲಿ ‘ಬಿ’ ಅಂದರೆ ಹಳ್ಳಿ, ‘ಥಾರ್ಪ್’ ಅಂದರೆ ದೊಡ್ಡ ಊರಿಗೆ ಸೇರಿದ ಚಿಕ್ಕ ಹಳ್ಳಿ, ‘ಥ್ವೇಟ್’ ಅಂದರೆ ಕಾಡು ಕಡಿದು ಮಾಡಿದ ಜಮೀನು. ಗ್ರಿಮ್ಸ್‌ಬಿ ಗ್ರಿಮ್ ಎಂಬವನ ಹಳ್ಳಿ. ಡರ್ಬಿಗೆ ಮೊದಲು ‘ನಾರ್ತ್‌ವರ್ದಿ’ ಎಂಬ ಇಂಗ್ಲಿಷ್ ಹೆಸರಿತ್ತು. ವೈಕಿಂಗರು ಅದನ್ನು ಜಿಂಕೆಗಳ ಹಳ್ಳಿ ಮಾಡಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಂಗಲ್‌ಬಿ. ಅರ್ಥ ‘ಇಂಗ್ಲಿಷರ ಹಳ್ಳಿ’. ಇಂಗ್ಲೆಂಡಿನಲ್ಲೇ ಒಂದು ಹಳ್ಳಿಯನ್ನು ಇಂಗ್ಲಿಷರ ಹಳ್ಳಿ ಎಂದು ಗುರುತಿಸಬೇಕಾದರೆ, ಸುತ್ತಮುತ್ತ ಯಾರು ತುಂಬಿಕೊಂಡಿದ್ದರು ನೀವೇ ಯೋಚಿಸಿ.

ಆದರೆ ‘ಬಿ’ ಕಂಡ ಕೂಡಲೇ ವೈಕಿಂಗ್ ಎನ್ನಬೇಡಿ. ರಗ್ಬಿ 1086ರ ದಾಖಲೆಯಲ್ಲಿ ‘ರೋಚೆಬೆರಿ’. ಅಂದರೆ ಮೂಲದಲ್ಲಿ ಅದು ಇಂಗ್ಲಿಷ್ ‘ಬರಿ’. ಅಕ್ಕಪಕ್ಕದ ‘ಬಿ’ಗಳ ಸಹವಾಸದಿಂದ ಬದಲಾಗಿದೆ.

1066ರಲ್ಲಿ ಫ್ರೆಂಚ್ ಆಡುವ ನಾರ್ಮನ್ನರು ಗೆದ್ದರಲ್ಲ, ಊರ ಹೆಸರೆಲ್ಲ ಫ್ರೆಂಚ್ ಯಾಕಾಗಲಿಲ್ಲ?

ಬಂದವರು ಕಡಿಮೆ, ಅವರೂ ದೊಡ್ಡ ಜಮೀನ್ದಾರರು. ಊರುಗಳಿಗೆ ಆಗಲೇ ಹೆಸರಿತ್ತು. ಹೊಸದಾಗಿ ಕಟ್ಟಿದ ಕೋಟೆ, ಮಠಗಳಿಗೆ ಮಾತ್ರ ಫ್ರೆಂಚ್ ಹೆಸರು ಬಿತ್ತು. ಬ್ಯೂಲಿ ಅಂದರೆ ಚೆಂದದ ಜಾಗ. ರಿಚ್‌ಮಂಡ್ ಅಂದರೆ ಗಟ್ಟಿ ಗುಡ್ಡ.

ಅವರ ಗುರುತು ಜಾಸ್ತಿ ಕಾಣುವುದು ಜೋಡಿ ಹೆಸರುಗಳಲ್ಲಿ. ಸ್ಟೋಕ್, ಆಶ್‌ಬಿ, ಮಿಲ್ಟನ್ ಎಂಬ ಊರುಗಳು ಎಲ್ಲೆಲ್ಲೂ ಇದ್ದವು. ಯಾವ ಸ್ಟೋಕ್ ಎಂದು ಹೇಳಲು ಜಮೀನ್ದಾರನ ಹೆಸರು ಸೇರಿಸಿದರು. ಹಾಗೆ ಬಂದವು ಸ್ಟೋಕ್ ಮ್ಯಾಂಡವಿಲ್, ಆಶ್‌ಬಿ-ಡಿ-ಲಾ-ಜೂಷ್, ಮೆಲ್ಟನ್ ಮೋಬ್ರಿ. ಮಿಲ್ಟನ್ ಕೀನ್ಸ್ ನಗರಕ್ಕೆ ಕವಿ ಮಿಲ್ಟನ್, ಅರ್ಥಶಾಸ್ತ್ರಜ್ಞ ಕೇನ್ಸ್ ಇಬ್ಬರ ಹೆಸರನ್ನೂ ಸೇರಿಸಿಟ್ಟರು ಎಂಬ ಮಾತು ಕೇಳಿರಬಹುದು. ಅದು ಸುಳ್ಳು. 1967ರಲ್ಲಿ ಹೊಸ ನಗರ ಕಟ್ಟಲು ಹೊರಟಾಗ ಅಲ್ಲಿದ್ದ ಹಳೇ ಹಳ್ಳಿಯ ಹೆಸರನ್ನೇ ಇಟ್ಟರು. ಮಜಾ ಏನೆಂದರೆ ಹಳ್ಳಿಯ ‘ಕೀನ್ಸ್’ ಮತ್ತು ಅರ್ಥಶಾಸ್ತ್ರಜ್ಞರ ‘ಕೇನ್ಸ್’ ಎರಡೂ ನಾರ್ಮಂಡಿಯ ಕಹಾನ್ಯ ಎಂಬ ಊರಿನಿಂದ ಬಂದವು.

ಇನ್ನೊಂದು ಉಪಕಾರವನ್ನೂ ನಾರ್ಮನ್ನರು ಮಾಡಿದರು. ನಾಟಿಂಗ್‌ಹ್ಯಾಮ್ ಮೊದಲು ‘ಸ್ನಾಟಿಂಗ್‌ಹ್ಯಾಮ್’, ಅಂದರೆ ಸ್ನಾಟ್ ಎಂಬವನ ಕಡೆಯವರ ನೆಲೆ. ಈಗಿನ ಇಂಗ್ಲಿಷಿನಲ್ಲಿ ‘ಸ್ನಾಟ್’ ಅಂದರೆ ಸಿಂಬಳ! ಪದದ ಮೊದಲಿಗೆ ‘ಸ್ನ’ ಉಚ್ಚಾರ ನಾರ್ಮನ್ನರ ನಾಲಿಗೆಗೆ ಹೊಂದಲಿಲ್ಲ, ‘ಸ’ ಬಿದ್ದುಹೋಯಿತು. ಪಕ್ಕದ ಸ್ನೆಂಟನ್‌ಗೆ ಈ ಅದೃಷ್ಟ ಒದಗಲಿಲ್ಲ.

ಲಂಡನ್ನಿನ ‘ಎಲಿಫೆಂಟ್ ಅಂಡ್ ಕಾಸಲ್’ ಬಡಾವಣೆಗೆ ಇರುವುದು ಸ್ಪೇನಿನ ರಾಜಕುಮಾರಿಯ ಹೆಸರಂತೆ, ಹೌದಾ?

ಅಲ್ಲ. ‘ಇನ್ಫಾಂಟಾ ಡಿ ಕ್ಯಾಸ್ಟಿಲ್’, ಅಂದರೆ ಕ್ಯಾಸ್ಟಿಲ್‌ನ ರಾಜಕುಮಾರಿ, ಎಂಬುದು ಜನರ ಬಾಯಲ್ಲಿ ಹೀಗಾಯಿತು ಎಂಬ ಕಥೆ ಲಂಡನ್ನಿನಲ್ಲಿ ಚೆನ್ನಾಗಿ ಓಡುತ್ತದೆ. ಆ ಹೆಸರು ಬಂದದ್ದು 18ನೇ ಶತಮಾನದ ಒಂದು ಛತ್ರದ ಬೋರ್ಡಿನಿಂದ. ಬೆನ್ನ ಮೇಲೆ ಕೋಟೆ ಹೊತ್ತ ಆನೆ ಚಾಕು-ಕತ್ತಿ ಮಾಡುವವರ ಸಂಘದ ಲಾಂಛನ. ಹಿಡಿಗೆ ಆನೆದಂತ ಬಳಸುತ್ತಿದ್ದರಲ್ಲ, ಅದಕ್ಕೆ.

ಲಂಡನ್ನಿನದೇ ಇನ್ನೊಂದು ಜಾಗ ಚೇರಿಂಗ್ ಕ್ರಾಸ್‌ಗೂ ಇಂಥದ್ದೇ ಕಥೆ ಇದೆ. 1290ರಲ್ಲಿ ತೀರಿಕೊಂಡ ರಾಣಿ ಎಲಿನಾರ್ ನೆನಪಿಗೆ ಗಂಡ ಒಂದನೇ ಎಡ್ವರ್ಡ್ ಅಲ್ಲಿ ಶಿಲುಬೆ ನಿಲ್ಲಿಸಿದ್ದು ನಿಜ. ಆದರೆ ‘ಚೇರಿಂಗ್’ ಎಂಬುದು ಫ್ರೆಂಚಿನ ‘ಶೇರ್ ರೇನ್’, ಅಂದರೆ ‘ಪ್ರೀತಿಯ ರಾಣಿ’, ಅಲ್ಲ. ಅದು ಅವಳಿಗಿಂತ ಹಳೆಯ ಹೆಸರು, ಅರ್ಥ ತಿರುವು. ಎರಡು ಕಥೆಯಲ್ಲೂ ರಾಣಿ, ರಾಜಕುಮಾರಿಯರೇ ಯಾಕೆ ಬರುತ್ತಾರೋ! ಕೇಳಲು ತೀರಾ ಚೆಂದ ಇರುವ ವಿವರಣೆ ಸಿಕ್ಕರೆ ನಾನು ಮೊದಲು ಅನುಮಾನ ಪಡುತ್ತೇನೆ.

## ಸರ್‌ನೇಮ್‌ಗಳು

ಮೊದಲು ಇಂಗ್ಲಿಷರಿಗೆ ಸರ್‌ನೇಮ್ ಇರಲೇ ಇಲ್ವಾ?

1066ಕ್ಕೆ ಮೊದಲು ಸಾಮಾನ್ಯವಾಗಿ ಒಂದೇ ಹೆಸರು. ಗುರುತಿಗೆ ಬೇಕಾದಾಗ ಏನೋ ಒಂದು ಸೇರಿಸುತ್ತಿದ್ದರು, ಅದು ಮಕ್ಕಳಿಗೆ ಹೋಗುತ್ತಿರಲಿಲ್ಲ. ನಾರ್ಮನ್ ಜಮೀನ್ದಾರರು ಆಸ್ತಿಯ ಜೊತೆ ಹೆಸರನ್ನೂ ಮಗನಿಗೆ ಬಿಟ್ಟುಹೋಗುವ ರೂಢಿ ತಂದರು. ಇನ್ನೊಂದು ಕಾರಣ ಜನರ ಹೆಸರುಗಳೇ ಕಮ್ಮಿಯಾದದ್ದು. ಹಳೇ ಇಂಗ್ಲಿಷ್ ಹೆಸರುಗಳು ಹೋಗಿ ವಿಲಿಯಂ, ಜಾನ್, ರಿಚರ್ಡ್, ರಾಬರ್ಟ್ ಎಲ್ಲೆಡೆ ತುಂಬಿದವು. ಒಂದೇ ಹಳ್ಳಿಯಲ್ಲಿ ಹತ್ತು ಜಾನ್ ಇದ್ದರೆ ತೆರಿಗೆ ಬರೆದುಕೊಳ್ಳುವವನು ಏನು ಮಾಡಬೇಕು? 1377, 1379, 1381ರ ತಲೆಗಂದಾಯದ ಪಟ್ಟಿಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ. 1400ರ ಹೊತ್ತಿಗೆ ದಕ್ಷಿಣದಲ್ಲಿ ಹೆಚ್ಚಿನವರಿಗೆ ಸರ್‌ನೇಮ್ ಗಟ್ಟಿಯಾಗಿತ್ತು. ಉತ್ತರದಲ್ಲಿ ಸ್ವಲ್ಪ ತಡ.

ಸ್ಮಿತ್ ಅಂತ ಅಷ್ಟೊಂದು ಜನ ಯಾಕಿದ್ದಾರೆ?

ಕಮ್ಮಾರ ಪ್ರತಿ ಊರಿಗೂ ಬೇಕು, ಹಾಗಾಗಿ ಹೆಸರು ಎಲ್ಲ ಕಡೆ ಬೇರೆ ಬೇರೆಯಾಗಿಯೇ ಹುಟ್ಟಿತು. ಟೇಲರ್ ದರ್ಜಿ, ಕೂಪರ್ ಪೀಪಾಯಿ ಮಾಡುವವನು, ಫ್ಲೆಚರ್ ಬಾಣ ಮಾಡುವವನು, ಥ್ಯಾಚರ್ ಹುಲ್ಲಿನ ಸೂರು ಹೊದಿಸುವವನು, ಕ್ಲಾರ್ಕ್ ಓದುಬರಹ ಬಲ್ಲವನು. ಬ್ಯಾಕ್‌ಸ್ಟರ್, ವೆಬ್‌ಸ್ಟರ್, ಬ್ರೂಸ್ಟರ್‌ಗಳ ‘ಸ್ಟರ್’ ಮೂಲದಲ್ಲಿ ಹೆಂಗಸರಿಗೆ ಹಚ್ಚುವ ಪ್ರತ್ಯಯ. ರೊಟ್ಟಿ ಸುಡುವವಳು, ನೇಯುವವಳು, ಬಿಯರ್ ಮಾಡುವವಳು. ಆಮೇಲೆ ಗಂಡಸರಿಗೂ ಬಂತು.

ವಾಕರ್, ಫುಲ್ಲರ್, ಟಕರ್ ನೋಡಿ. ಮೂವರದ್ದೂ ಒಂದೇ ಕಸುಬು. ನೇಯ್ದ ಉಣ್ಣೆ ಬಟ್ಟೆಯನ್ನು ನೀರಲ್ಲಿ ಹಾಕಿ ತುಳಿದು, ಬಡಿದು ದಟ್ಟ ಮಾಡುವುದು. ಉತ್ತರದಲ್ಲಿ ಅವನನ್ನು ವಾಕರ್ ಅಂದರು, ಆಗ್ನೇಯದಲ್ಲಿ ಫುಲ್ಲರ್, ನೈರುತ್ಯದ ಡೆವನ್ ಕಡೆ ಟಕರ್. ಹೀಗಾಗಿ ಟಕರ್ ಎಂಬವರ ಹಿರಿಯರು ಯಾವ ಸೀಮೆಯವರು ಎಂದು ಕಸುಬಿನ ಹೆಸರೇ ಸುಳಿವು ಕೊಡುತ್ತದೆ. ಸ್ಮಿತ್‌ನಿಂದ ಅಂಥ ಸುಳಿವು ಸಿಗುವುದಿಲ್ಲ.

ರಾಬಿನ್‌ಸನ್, ಹಾಬ್ಸನ್, ಡಾಬ್ಸನ್, ಹಾಪ್ಕಿನ್ಸ್ ಎಲ್ಲ ಒಂದೇ ಹೆಸರಿಂದ ಬಂದಿದ್ದು ಅಂತಾರೆ. ಹೇಗೆ ಸಾಧ್ಯ?

ಎಲ್ಲದರ ಹಿಂದೆ ಇರುವವನು ರಾಬರ್ಟ್. ಮುದ್ದಿನಿಂದ ಅವನನ್ನು ರಾಬ್ ಅಂದರು. ಪ್ರಾಸ ಕಟ್ಟಿ ಹಾಬ್, ಡಾಬ್ ಅಂದರು. ‘ಕಿನ್’ ಅಂದರೆ ಪುಟ್ಟ. ಹಾಬ್‌ಗೆ ಅದು ಸೇರಿ ಹಾಪ್ಕಿನ್. ಆಮೇಲೆ ‘ಸನ್’, ಅಂದರೆ ಮಗ, ಅಥವಾ ಬರೀ ‘ಸ್’ ಸೇರಿತು. ರಿಚರ್ಡ್‌ನಿಂದ ಡಿಕ್, ಹಿಕ್ ಹುಟ್ಟಿ ಡಿಕ್ಸನ್, ಹಿಕ್ಸನ್ ಬಂದವು. ರಾಜರ್‌ಗೆ ಹಾಜ್, ಅದರಿಂದ ಹಾಜ್ಸನ್. ತಾಯಿಯ ಹೆಸರಿನಿಂದ ಬಂದವೂ ಇವೆ. ಮೇರಿಯಿಂದ ಮ್ಯಾರಿಯಟ್, ಎಮ್ಮಾಳಿಂದ ಎಮ್ಮಟ್.

ಜೋನ್ಸ್, ಪ್ರೈಸ್, ಪೊವೆಲ್ ಇಂಗ್ಲಿಷ್ ಸರ್‌ನೇಮಾ?

ವೇಲ್ಸ್‌ನವು. ವೆಲ್ಷ್‌ನಲ್ಲಿ ‘ಅಪ್’ ಅಂದರೆ ಮಗ. ಅಪ್ ರೀಸ್ ಸೇರಿ ಪ್ರೈಸ್, ಅಪ್ ಹೊವೆಲ್ ಸೇರಿ ಪೊವೆಲ್, ಅಬ್ ಓವೆನ್ ಸೇರಿ ಬೊವೆನ್. ರೀಸ್ ಹೆಸರು ‘ಅಪ್’ ಇಲ್ಲದೆ ಇಂಗ್ಲಿಷಿಗೆ ಬಂದಾಗ ‘ರೈಸ್’ ಎಂದೂ ಬರೆದರು. ಕರ್ನಾಟಕದ ಸಾವಿರಾರು ಶಾಸನಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರ ಸರ್‌ನೇಮ್ ನೋಡಿ ಅನ್ನದ ಜೋಕು ಮಾಡುವವರಿದ್ದಾರೆ. ಈ ಸರ್‌ನೇಮಿನ ಸಾಮಾನ್ಯ ಮೂಲ ವೇಲ್ಸ್‌ನ ರೀಸ್.

ಕಿಂಗ್, ಬಿಷಪ್, ಪೋಪ್ ಎಂಬುವರು ಅಂಥ ವಂಶದವರಾ?

ಇಲ್ಲ. ಪೋಪ್‌ಗೆ ಮಕ್ಕಳೇ ಇರಬಾರದಲ್ವಾ! ನಾಟಕದಲ್ಲಿ ರಾಜನ ಪಾತ್ರ ಮಾಡಿದವನು, ಬಿಷಪ್ಪರ ಮನೆಯಲ್ಲಿ ಕೆಲಸಕ್ಕಿದ್ದವನು, ಅಥವಾ ಗತ್ತು ಜಾಸ್ತಿ ಇದ್ದವನು. ಅಂಥವರಿಗೆ ಬಿದ್ದ ಹೆಸರುಗಳಿವು. ರಸೆಲ್ ಕೆಂಚು ಕೂದಲಿನವನು, ಆರ್ಮ್‌ಸ್ಟ್ರಾಂಗ್ ತೋಳಬಲದವನು. ಶೇಕ್ಸ್‌ಪಿಯರ್ ಈಟಿ ಝಳಪಿಸುವವನು.

ವಾಷಿಂಗ್ಟನ್ ಮೊದಲು ಊರಾ, ಮನುಷ್ಯನಾ?

ಮನುಷ್ಯ, ಊರು, ಮನೆತನ, ಮತ್ತೆ ಊರು. ಹ್ವೇಸ ಎಂಬವನ ಕಡೆಯವರ ಹಳ್ಳಿಯಾಗಿ ಇಂಗ್ಲೆಂಡಿನ ಈಶಾನ್ಯದಲ್ಲಿ ವಾಷಿಂಗ್ಟನ್ ಹುಟ್ಟಿತು. 12ನೇ ಶತಮಾನದಲ್ಲಿ ವಿಲಿಯಂ ಡಿ ಹರ್ಟ್‌ಬರ್ನ್ ಆ ಜಮೀನು ಪಡೆದು ತನ್ನ ಹೆಸರನ್ನು ವಾಷಿಂಗ್ಟನ್ ಮಾಡಿಕೊಂಡ. ಅವನ ವಂಶದವರು ಜಾರ್ಜ್ ವಾಷಿಂಗ್ಟನ್. ಅವರಿಂದ ಅಮೆರಿಕದ ರಾಜಧಾನಿ. ನ್ಯೂಟನ್ ಕೂಡ ಊರಿನಿಂದ ಬಂದ ಸರ್‌ನೇಮ್, ಅರ್ಥ ಹೊಸಹಳ್ಳಿ.

ಬೆಂಗಳೂರಿನ ದಂಡಿನ ಕಡೆ ಇರುವ ಹೆಸರುಗಳಿಗೂ ಇದೇ ಲೆಕ್ಕನಾ?

ಹೌದು. ಲ್ಯಾಂಗ್‌ಫೋರ್ಡ್ ಟೌನಿನಲ್ಲಿ ‘ಉದ್ದದ ದಾಟುಜಾಗ’ ಇದೆ. ಕುಕ್ ಟೌನಿನಲ್ಲಿ ಅಡುಗೆಯವನು, ರಿಚರ್ಡ್ಸ್ ಟೌನಿನಲ್ಲಿ ರಿಚರ್ಡನ ಮಗ. ಆಸ್ಟಿನ್ ಎಂಬುದು ಅಗಸ್ಟಿನ್ ಸವೆದು ಆದದ್ದು. ರಸೆಲ್ ಮಾರ್ಕೆಟ್ಟಿನ ಕೆಂಚು ಕೂದಲನ್ನು ಆಗಲೇ ನೋಡಿದೆವು. ಕಬ್ಬನ್ ಪಾರ್ಕಿನ ಹೆಸರಿಗೆ ಕಾರಣರಾದ ಮಾರ್ಕ್ ಕಬ್ಬನ್ ಇಂಗ್ಲೆಂಡಿನವರೇ ಅಲ್ಲ. ಅವರು ಐಲ್ ಆಫ್ ಮ್ಯಾನ್ ದ್ವೀಪದವರು. ಅಲ್ಲಿನ ಎಷ್ಟೋ ಸರ್‌ನೇಮ್‌ಗಳ ಮೊದಲ ‘ಕ’ ಸದ್ದು ‘ಮ್ಯಾಕ್’, ಅಂದರೆ ಮಗ, ಎಂಬುದರ ಬಾಲ. ಕಬ್ಬನ್ ಅಂದರೆ ಗಿಬ್ಬನ್ನನ ಮಗ.

ವೈಟ್‌ಫೀಲ್ಡ್ ಮಾತ್ರ ಹುಷಾರು. ‘ಬಿಳಿ ಹೊಲ’ ಎಂದು ಬಿಡಿಸಿದರೆ ತಪ್ಪು. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಅದು ಶುರುವಾಯಿತು. ಅವರ ಮುಂದಾಳು ಡಿ. ಎಸ್. ವೈಟ್ ಅವರ ಹೆಸರು ಅದಕ್ಕೆ ಬಂತು.

## ಸ್ವಲ್ಪ ಆಳಕ್ಕೆ ಇಳಿದರೆ

ಒಂದು ಊರ ಹೆಸರಿನ ಮೂಲ ಪತ್ತೆ ಮಾಡೋದು ಹೇಗೆ?

ಇವತ್ತಿನ ಸ್ಪೆಲಿಂಗ್ ಪಕ್ಕಕ್ಕಿಡಿ. ಸಿಗುವ ಅತಿ ಹಳೆಯ ಬರಹದಿಂದ ಶುರು ಮಾಡಿ. ಆಂಗ್ಲೋ-ಸ್ಯಾಕ್ಸನ್ ದಾನಪತ್ರಗಳು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ 1086ರ ಡೂಮ್ಸ್‌ಡೇ ಬುಕ್. ನಾರ್ಮನ್ ರಾಜ ಒಂದನೇ ವಿಲಿಯಂ ಮಾಡಿಸಿದ ಈ ಜಮೀನು ಲೆಕ್ಕದಲ್ಲಿ 13,000ಕ್ಕೂ ಹೆಚ್ಚು ಜಾಗಗಳ ಹೆಸರಿದೆ. ಬರೆದವರು ಕೇಳಿದ್ದನ್ನು ತಮಗೆ ತಿಳಿದಂತೆ ಬರೆದಿದ್ದಾರೆ, ಆದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಆಮೇಲಿನ ಶತಮಾನಗಳ ದಾಖಲೆಗಳನ್ನೂ ಸಾಲಾಗಿ ಇಟ್ಟು ನೋಡಬೇಕು. 1923ರಲ್ಲಿ ಶುರುವಾದ ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿ ಒಂದೊಂದೇ ಕೌಂಟಿ ಹಿಡಿದು ಇದೇ ಕೆಲಸ ಮಾಡುತ್ತಾ ಬಂದಿದೆ. ಬ್ರೈಟನ್ ಅಂದರೆ ‘ಬೆಳಕಿನ ಊರು’ ಅನ್ನುವವರು ಹಳೇ ಹೆಸರು ‘ಬ್ರೈಟ್‌ಹೆಲ್ಮ್‌ಸ್ಟನ್’ ನೋಡಿದರೆ ಸಾಕು. ಅದು ಬೆಯೊರ್ಟ್‌ಹೆಲ್ಮ್ ಎಂಬವನ ಹಳ್ಳಿ.

‘ಹ್ಯಾಮ್’ ಎರಡು ಇವೆಯಂತೆ?

ಇವೆ. ಉದ್ದ ಸ್ವರದ ‘ಹಾಮ್’ ನೆಲೆ. ಗಿಡ್ಡ ಸ್ವರದ ‘ಹಮ್’ ನದಿಯ ತಿರುವಿನಲ್ಲಿ ಸುತ್ತುವರಿದ ತಗ್ಗು ನೆಲ. ಈಗ ಎರಡೂ ಒಂದೇ ಥರ ಕಾಣುತ್ತವೆ. ಥೇಮ್ಸ್ ದಡದ ಟ್ವಿಕೆನ್‌ಹ್ಯಾಮ್, ಫುಲಮ್ ಎರಡನೇ ಗುಂಪಿನವು. ಮ್ಯಾಪ್ ತೆಗೆದು ನದಿ ಹೇಗೆ ಬಳಸಿಕೊಂಡು ಹೋಗುತ್ತದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗುಡ್ಡ, ಕಣಿವೆಗೆ ಹಳೇ ಇಂಗ್ಲಿಷಿನಲ್ಲಿ ಅಷ್ಟೊಂದು ಪದ ಯಾಕೆ?

ಬಹಳ ಕಾಲ ಇವನ್ನೆಲ್ಲ ‘ಗುಡ್ಡ’, ‘ಕಣಿವೆ’ ಎಂದು ಒಟ್ಟಾರೆ ಬಿಡಿಸಿ ಬಿಡುತ್ತಿದ್ದರು. ಮಾರ್ಗರೆಟ್ ಗೆಲ್ಲಿಂಗ್ ಎಂಬ ವಿದ್ವಾಂಸೆ ಅದನ್ನು ಒಪ್ಪಲಿಲ್ಲ. ಆ್ಯನ್ ಕೋಲ್ ಅವರೊಂದಿಗೆ ಊರುಗಳ ನೆಲದ ಆಕಾರವನ್ನೇ ನೋಡಿದರು. ಪ್ರತಿ ಪದಕ್ಕೂ ಬೇರೆ ಆಕಾರ ಎಂದು ತೋರಿಸಿದರು. ‘ಡೂನ್’ ನೆತ್ತಿ ಚಪ್ಪಟೆಯಾದ, ಮೇಲೆ ಊರು ಕಟ್ಟಬಹುದಾದ ಗುಡ್ಡ. ‘ಹೋಹ್’ ಅಂದರೆ ಹಿಮ್ಮಡಿ, ಅದರಂತೆ ಚಾಚಿಕೊಂಡ ದಿಣ್ಣೆ. ‘ಬೆಯೊರ್ಗ್’ ದುಂಡನೆಯ ಗುಡ್ಡ. ‘ಕುಂಬ್’ ಬಟ್ಟಲಿನಂಥ ಗಿಡ್ಡ ಕಣಿವೆ, ‘ಡೆನು’ ಉದ್ದಕ್ಕೆ ಸಾಗುವ ಕಣಿವೆ. ಮ್ಯಾಪ್ ಇಲ್ಲದ ಕಾಲದಲ್ಲಿ ದಾರಿ ಹೇಳಲು ಇಷ್ಟು ಖಚಿತ ಪದಗಳು ಬೇಕೇ ಬೇಕಿತ್ತು.

ಹೇಸ್ಟಿಂಗ್ಸ್, ರೆಡಿಂಗ್ ಥರದ ‘ಇಂಗ್’ ಹೆಸರುಗಳೇ ಎಲ್ಲಕ್ಕಿಂತ ಹಳೆಯವಂತೆ?

ಹಾಗೆಂದು ಹಿಂದೆ ನಂಬಿದ್ದರು. ‘ಇಂಗ್’ ಅಂದರೆ ಒಬ್ಬ ಮುಖಂಡನ ಕಡೆಯವರು, ಹಾಗಾಗಿ ಅವರೇ ಮೊದಲು ಬಂದಿಳಿದ ಗುಂಪು ಎಂಬುದು ವಾದ. 1966ರಲ್ಲಿ ವಿದ್ವಾಂಸ ಜಾನ್ ಡಾಡ್ಸನ್ ಈ ಹೆಸರುಗಳ ಪಕ್ಕ ಅತಿ ಹಳೆಯ ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳ ನಕ್ಷೆ ಇಟ್ಟು ನೋಡಿದರು. ಎರಡೂ ಒಂದೇ ಕಡೆ ಇರಲಿಲ್ಲ. ಆದ್ದರಿಂದ ‘ಇಂಗ್’ ಎರಡನೇ ಹಂತದ್ದು ಎಂಬ ಅಭಿಪ್ರಾಯ ಬಲವಾಯಿತು. ಹಳೇ ಪುಸ್ತಕ ಓದುವಾಗ ಇದು ನೆನಪಿರಲಿ.

ಒಂದೇ ಸರ್‌ನೇಮ್ ಇದ್ದವರೆಲ್ಲ ನೆಂಟರಾ?

ಸ್ಮಿತ್‌ಗಳ ಮಟ್ಟಿಗೆ ಖಂಡಿತ ಅಲ್ಲ. ಅಪರೂಪದ ಸರ್‌ನೇಮ್ ಆದರೆ ಸಾಧ್ಯತೆ ಜಾಸ್ತಿ. ತಂದೆಯಿಂದ ಮಗನಿಗೆ ಸರ್‌ನೇಮ್ ಹೋದಂತೆ ವೈ ಕ್ರೋಮೊಸೋಮ್ ಕೂಡ ಹೋಗುತ್ತದಲ್ಲ. 2000ರಲ್ಲಿ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಮ್ಮದೇ ಸರ್‌ನೇಮಿನ ಗಂಡಸರನ್ನು ಪರೀಕ್ಷಿಸಿದರು. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನರಲ್ಲಿ ಒಂದೇ ಗುರುತು ಸಿಕ್ಕಿತು. ಉಳಿದವರ ಕಡೆ ದತ್ತು, ತಾಯಿಯ ಸರ್‌ನೇಮ್ ಹಿಡಿದದ್ದು, ಮದುವೆಯಾಚೆ ಹುಟ್ಟಿದ್ದು, ಹೀಗೆ ನಾನಾ ಕಾರಣ ಇರಬಹುದು.

ಸ್ಪೆಲಿಂಗ್ ಬೇರೆ ಇದ್ದರೆ ಮನೆತನವೂ ಬೇರೆಯಾ?

ಹಾಗೇನಿಲ್ಲ. ಶೇಕ್ಸ್‌ಪಿಯರ್ ಅವರದ್ದೆಂದು ಒಪ್ಪಿರುವ ಆರು ಸಹಿಗಳಲ್ಲೇ ಸ್ಪೆಲಿಂಗ್ ಒಂದೇ ಥರ ಇಲ್ಲ. 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಸಾವಿನ ದಾಖಲೆ ಇಡಲು ಶುರು ಮಾಡಿದರು. ಬರೆಯುವವನು ಪಾದ್ರಿ, ಹೇಳುವವನು ಓದು ಬಾರದ ರೈತ. ಕಿವಿಗೆ ಬಿದ್ದದ್ದು ಪುಸ್ತಕಕ್ಕೆ ಇಳಿಯಿತು. ಅಣ್ಣನ ಮಗನಿಗೆ ಸ್ಮಿತ್, ತಮ್ಮನ ಮಗನಿಗೆ ಸ್ಮೈತ್ ಆದರೆ ಅಚ್ಚರಿಯಿಲ್ಲ. ಆದ್ದರಿಂದ ಹಳೇ ದಾಖಲೆ ಹುಡುಕುವಾಗ ಒಂದೇ ಸ್ಪೆಲಿಂಗ್ ಹಿಡಿದು ಕೂರಬೇಡಿ, ಹೆಸರನ್ನು ಜೋರಾಗಿ ಹೇಳಿ ನೋಡಿ ಎಷ್ಟು ಥರ ಬರೆಯಬಹುದೋ ಅಷ್ಟನ್ನೂ ಹುಡುಕಿ. 1837ರಿಂದ ಈಚಿನದ್ದಾದರೆ ಸರ್ಕಾರದ ಜನನ-ಮರಣ ನೋಂದಣಿಯೇ ಇದೆ, ಮೊದಲು ಅಲ್ಲಿಂದ ಶುರು ಮಾಡಿ.